ತೊಕ್ಕೊಟ್ಟಿನಿಂದ ಬಹ್ರೇನ್‌ಗೆ ವಿಸಿಟ್ ವೀಸಾ: ಮುಖ್ಯಾಂಶಗಳು

ಕೆಎಎಸ್, ಪಿಡಿಒ, ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ ಅಭ್ಯರ್ಥಿಗಳಿಗೆ. ವ್ಯಾಪ್ತಿ: ಸಾಮಾನ್ಯ ಅಧ್ಯಯನ, ಸಂವಿಧಾನ, ಅಂತರರಾಷ್ಟ್ರೀಯ ಸಂಬಂಧ, ಕರಾವಳಿ ಕರ್ನಾಟಕ.

ಸ್ಥಳ

• ತೊಕ್ಕೊಟ್ಟು: ದಕ್ಷಿಣ ಕನ್ನಡ ಜಿಲ್ಲೆ, ಉಳ್ಳಾಲ ತಾಲ್ಲೂಕು, ನೇತ್ರಾವತಿ ಸೇತುವೆಯ ದಕ್ಷಿಣಕ್ಕೆ
• ಹೆದ್ದಾರಿ: ರಾಷ್ಟ್ರೀಯ ಹೆದ್ದಾರಿ 66 (ಹಳೆಯ ಸಂಖ್ಯೆ 17), ಪನ್ವೇಲ್–ಕನ್ಯಾಕುಮಾರಿ, ದೇರಳಕಟ್ಟೆ–ಕೊಣಾಜೆ ರಸ್ತೆಯ ಕವಲು
• ಉಳ್ಳಾಲ ರೈಲು ನಿಲ್ದಾಣ: ಇರುವುದು ತೊಕ್ಕೊಟ್ಟಿನಲ್ಲಿ, ದಕ್ಷಿಣ ರೈಲ್ವೆ, ಪಾಲಕ್ಕಾಡ್ ವಿಭಾಗ
• ವಿಧಾನಸಭಾ ಕ್ಷೇತ್ರ: ಮಂಗಳೂರು, ಸಂಖ್ಯೆ 204; 2023ರ ಮೇ 24ರಂದು ಸ್ಪೀಕರ್ ಆಗಿ ಆಯ್ಕೆಯಾದ ಯು.ಟಿ. ಖಾದರ್ ಅವರ ಕ್ಷೇತ್ರ
• ಆಡುನುಡಿಗಳು: ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡ
• ದಕ್ಷಿಣದ ಗಡಿ: ತಲಪಾಡಿ, ಆಚೆ ಕೇರಳದ ಕಾಸರಗೋಡು ಜಿಲ್ಲೆ, ಮಂಜೇಶ್ವರ ತಾಲ್ಲೂಕು

ಸಮುದ್ರ ಪ್ರಯಾಣ ಪರವಾನಗಿ: ಪೂರ್ವೇತಿಹಾಸ

• 12ನೇ ಶತಮಾನ: ಟ್ಯುನೀಷಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು, ಮಂಗಳೂರಿನಲ್ಲಿ ವಾಸ, ಆಧಾರ: ಕೈರೋದ ಗೆನಿಜಾ ಪತ್ರಗಳು
• 14ನೇ ಶತಮಾನ: ಇಬ್ನ್ ಬತೂತ, ಮಂಗಳೂರಿನ ಉಲ್ಲೇಖ ‘ಮಂಜರೂರ್’ ಎಂದು
• 16ನೇ ಶತಮಾನ: ಕಾರ್ತಾಜ್ ಪದ್ಧತಿ, ಅರಬ್ಬಿ ಸಮುದ್ರದ ವ್ಯಾಪಾರ ಹಡಗುಗಳಿಗೆ ಪೋರ್ಚುಗೀಸರ ಕಡ್ಡಾಯ ಪಾಸ್, ಪಾಸ್ ಇಲ್ಲದ ಹಡಗು ಮುಟ್ಟುಗೋಲು
• ಉಳ್ಳಾಲದ ರಾಣಿ ಅಬ್ಬಕ್ಕ: ಚೌಟ ಮನೆತನ, ಅಳಿಯಸಂತಾನ ಪದ್ಧತಿ, ಪೋರ್ಚುಗೀಸ್ ಕಪ್ಪ ಮತ್ತು ಸಮುದ್ರ ನಿರ್ಬಂಧಗಳಿಗೆ ಪ್ರತಿರೋಧ
• 1568: ಮಂಗಳೂರಿನಲ್ಲಿ ಪೋರ್ಚುಗೀಸ್ ಕೋಟೆ
• 1521–1602: ಬಹ್ರೇನ್ ಮೇಲೂ ಪೋರ್ಚುಗೀಸ್ ಹಿಡಿತ, ಒಂದೇ ನೌಕಾಶಕ್ತಿಯ ಒತ್ತಡದಲ್ಲಿ ಎರಡು ತೀರಗಳು. ಪಠ್ಯಪುಸ್ತಕಗಳು ಜೋಡಿಸದ, ಆದರೆ ಜೋಡಿಸಿ ಓದಬೇಕಾದ ಅಂಶ
• 1623: ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ, ಉಳ್ಳಾಲ ಪ್ರದೇಶಕ್ಕೆ ಭೇಟಿ
• 1783: ಬಹ್ರೇನ್‌ನಲ್ಲಿ ಅಲ್ ಖಲೀಫಾ ಆಳ್ವಿಕೆಯ ಆರಂಭ
• 1861: ಬ್ರಿಟನ್–ಬಹ್ರೇನ್ ಒಪ್ಪಂದ; ರಕ್ಷಣೆಯ ಹೊಣೆ ಬ್ರಿಟನ್‌ಗೆ
• 1946: ಪರ್ಷಿಯನ್ ಕೊಲ್ಲಿಯ ಬ್ರಿಟಿಷ್ ರೆಸಿಡೆನ್ಸಿ, ಬುಶೆಹರ್‌ನಿಂದ ಬಹ್ರೇನ್‌ಗೆ ಸ್ಥಳಾಂತರ
• 1959: ಗಲ್ಫ್ ರೂಪಾಯಿ, ಭಾರತೀಯ ರಿಸರ್ವ್ ಬ್ಯಾಂಕ್ ಕೊಲ್ಲಿ ಪ್ರದೇಶದ ಚಲಾವಣೆಗೆಂದೇ ಹೊರತಂದ ನೋಟು
• 1965: ಬಹ್ರೇನ್‌ನಲ್ಲಿ ದಿನಾರ್ ಜಾರಿ, ರೂಪಾಯಿ ಬಳಕೆಗೆ ತೆರೆ

ಬಹ್ರೇನ್: ದೇಶ ಪರಿಚಯ

• ಸ್ವರೂಪ: ಪರ್ಷಿಯನ್ ಕೊಲ್ಲಿಯ ದ್ವೀಪಸಮೂಹ, ವಿಸ್ತೀರ್ಣ ಸುಮಾರು 780 ಚ.ಕಿ.ಮೀ., ದಕ್ಷಿಣ ಕನ್ನಡ ಜಿಲ್ಲೆಯ ಐದನೇ ಒಂದು ಭಾಗಕ್ಕಿಂತ ಕಡಿಮೆ
• ಏಷ್ಯಾದ ಅತಿ ಚಿಕ್ಕ ದೇಶಗಳ ಕ್ರಮ: ಮಾಲ್ಡೀವ್ಸ್, ಸಿಂಗಪುರ, ಬಹ್ರೇನ್
• ರಾಜಧಾನಿ ಮನಾಮ; ವಿಮಾನ ನಿಲ್ದಾಣ ಮುಹರ್ರಕ್ ದ್ವೀಪದಲ್ಲಿ, ಸಂಕೇತ ಬಿಎಎಚ್
• ಅತ್ಯುನ್ನತ ಸ್ಥಳ: ಜೆಬೆಲ್ ದುಖಾನ್, 134 ಮೀ.
• ಸ್ವಾತಂತ್ರ್ಯ: 1971ರ ಆಗಸ್ಟ್ 15, ಬ್ರಿಟನ್‌ನಿಂದ
• ರಾಷ್ಟ್ರೀಯ ದಿನಾಚರಣೆ: ಡಿಸೆಂಬರ್ 16
• ವಿಶ್ವಸಂಸ್ಥೆ ಸದಸ್ಯತ್ವ: 1971ರ ಸೆಪ್ಟೆಂಬರ್ 21
• ಗಲ್ಫ್ ಸಹಕಾರ ಮಂಡಳಿ: 1981, ಆರು ಸ್ಥಾಪಕ ಸದಸ್ಯರಲ್ಲಿ ಒಂದು; ಮಂಡಳಿಯ ಕೇಂದ್ರ ಕಚೇರಿ ರಿಯಾದ್
• 2002ರ ಫೆಬ್ರವರಿ 14: ಎಮಿರ್ ಆಳ್ವಿಕೆಯ ದೇಶದಿಂದ ಸಂವಿಧಾನಬದ್ಧ ರಾಜಪ್ರಭುತ್ವಕ್ಕೆ, ಮೊದಲ ರಾಜ ಹಮದ್ ಬಿನ್ ಈಸಾ ಅಲ್ ಖಲೀಫಾ
• ಮೊದಲ ಪ್ರಧಾನಿ ಖಲೀಫಾ ಬಿನ್ ಸಲ್ಮಾನ್: ನಿಧನ 2020ರ ನವೆಂಬರ್ 11, ಉತ್ತರಾಧಿಕಾರಿ ಯುವರಾಜ ಸಲ್ಮಾನ್ ಬಿನ್ ಹಮದ್
• ಸಂಸತ್ತು: ದ್ವಿಸದನ, ಶೂರಾ ಮಂಡಳಿ 40, ಪ್ರತಿನಿಧಿ ಮಂಡಳಿ 40
• ಆಡಳಿತ ವಿಭಾಗ: 4 ಗವರ್ನರೇಟ್
• ಕರೆನ್ಸಿ: ಬಹ್ರೇನ್ ದಿನಾರ್ = 1,000 ಫಿಲ್ಸ್; ಡಾಲರ್‌ಗೆ ಕಟ್ಟಿದ ಸ್ಥಿರ ದರ, 1 ಅಮೆರಿಕನ್ ಡಾಲರ್ = 0.376 ದಿನಾರ್, ಮೌಲ್ಯದಲ್ಲಿ ಕುವೈತ್ ದಿನಾರ್ ನಂತರದ ಸ್ಥಾನ
• ಸಮಯ: ಭಾರತಕ್ಕಿಂತ ಎರಡೂವರೆ ಗಂಟೆ ಹಿಂದೆ, ದೂರವಾಣಿ ಸಂಕೇತ 973, ವಾರದ ರಜೆ ಶುಕ್ರವಾರ, ಶನಿವಾರ
• 1932: ಕೊಲ್ಲಿಯ ಅರಬ್ ತೀರದಲ್ಲಿ ಮೊದಲ ತೈಲ ಪತ್ತೆ
• 1976ರ ಜನವರಿ 21: ಕಾಂಕಾರ್ಡ್ ವಿಮಾನದ ವಾಣಿಜ್ಯ ಹಾರಾಟದ ಮೊದಲ ದಿನ, ಲಂಡನ್–ಬಹ್ರೇನ್ ಮಾರ್ಗ
• 1986: ಕಿಂಗ್ ಫಹದ್ ಸೇತುವೆ, 25 ಕಿ.ಮೀ., ಸೌದಿ ಅರೇಬಿಯಾಕ್ಕೆ ರಸ್ತೆ ಸಂಪರ್ಕ
• 2004: ಬಹ್ರೇನ್ ಗ್ರ್ಯಾನ್ ಪ್ರೀ, ಮಧ್ಯಪ್ರಾಚ್ಯದ ಮೊದಲ ಫಾರ್ಮುಲಾ ಒನ್ ಸ್ಪರ್ಧೆ, ಸಖೀರ್
• ಯುನೆಸ್ಕೊ ವಿಶ್ವ ಪರಂಪರೆ: ಕಲಾತ್ ಅಲ್ ಬಹ್ರೇನ್ (2005), ಮುತ್ತು ಮುಳುಗುಗಾರಿಕೆಯ ತಾಣಗಳು (2012), ದಿಲ್ಮುನ್ ಸಮಾಧಿ ದಿಬ್ಬಗಳು (2019)

ಭಾರತ–ಬಹ್ರೇನ್

• 1973: ಮನಾಮದಲ್ಲಿ ಭಾರತೀಯ ರಾಯಭಾರ ಕಚೇರಿ
• 2007: ನವದೆಹಲಿಯಲ್ಲಿ ಬಹ್ರೇನ್ ರಾಯಭಾರ ಕಚೇರಿ
• 2019ರ ಆಗಸ್ಟ್ 24–25: ನರೇಂದ್ರ ಮೋದಿ ಭೇಟಿ, ಬಹ್ರೇನ್‌ಗೆ ಭಾರತದ ಪ್ರಧಾನಿಯೊಬ್ಬರ ಮೊದಲ ಭೇಟಿ, ಮನಾಮದ ಶ್ರೀನಾಥಜಿ ದೇವಾಲಯದ ಪುನರ್ನಿರ್ಮಾಣ ಯೋಜನೆಗೆ ಚಾಲನೆ
• 2021ರ ಮೇ 5: ಐಎನ್‌ಎಸ್ ತಲ್ವಾರ್, ಬಹ್ರೇನ್‌ನಿಂದ ನವ ಮಂಗಳೂರು ಬಂದರಿಗೆ ದ್ರವ ಆಮ್ಲಜನಕದ ಟ್ಯಾಂಕ್‌ಗಳು, ಕಾರ್ಯಾಚರಣೆಯ ಹೆಸರು ಸಮುದ್ರ ಸೇತು 2. ಕೋವಿಡ್ ಎರಡನೇ ಅಲೆಯ ದಿನಗಳಲ್ಲಿ ಕರಾವಳಿಗೆ ನೇರವಾಗಿ ಮುಟ್ಟಿದ ನೆರವು
• ಕನ್ನಡಿಗರ ಸಂಘಟನೆ: ಕನ್ನಡ ಸಂಘ ಬಹ್ರೇನ್

ಪಾಸ್‌ಪೋರ್ಟ್: ಕಾನೂನು

• ಸಂವಿಧಾನ: 7ನೇ ಅನುಸೂಚಿ, ಕೇಂದ್ರ ಪಟ್ಟಿ, ನಮೂದು 19 (ದೇಶ ಪ್ರವೇಶ, ವಲಸೆ, ಗಡೀಪಾರು, ಪಾಸ್‌ಪೋರ್ಟ್, ವೀಸಾ)
• ಪಾಸ್‌ಪೋರ್ಟ್ ಕಾಯ್ದೆ: 1967ರ ಜೂನ್ 24, ಪಾಸ್‌ಪೋರ್ಟ್ ಸೇವಾ ದಿನ ಜೂನ್ 24
• ಪಾಸ್‌ಪೋರ್ಟ್ ನಿಯಮಗಳು: 1980
• ಸೆಕ್ಷನ್ 4: ಮೂರು ವರ್ಗ, ಸಾಮಾನ್ಯ (ನೀಲಿ), ಅಧಿಕೃತ (ಬಿಳಿ), ರಾಜತಾಂತ್ರಿಕ (ಕಡುಗೆಂಪು)
• ಸೆಕ್ಷನ್ 6: ನಿರಾಕರಣೆ, ಸೆಕ್ಷನ್ 10: ವಶ, ರದ್ದತಿ, ಸೆಕ್ಷನ್ 11: ಮೇಲ್ಮನವಿ, ಸೆಕ್ಷನ್ 12: ಅಪರಾಧ, ದಂಡನೆ
• ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣ, 1967: ವಿದೇಶ ಪ್ರಯಾಣ, 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ. ಕಾಯ್ದೆ ಹುಟ್ಟಿದ್ದೇ ಈ ತೀರ್ಪಿನ ಬೆನ್ನಿಗೆ
• ಮೇನಕಾ ಗಾಂಧಿ ಪ್ರಕರಣ, 1978ರ ಜನವರಿ 25: ಸೆಕ್ಷನ್ 10(3)(ಸಿ) ಅಡಿಯ ವಶ, ಕಾನೂನಿನ ಕ್ರಮ ನ್ಯಾಯಯುತವೂ ಸಮಂಜಸವೂ ಆಗಿರಬೇಕೆಂಬ ತತ್ವ
• ವಲಸೆ ಮತ್ತು ವಿದೇಶಿಯರ ಕಾಯ್ದೆ, 2025: ಜಾರಿ 2025ರ ಸೆಪ್ಟೆಂಬರ್ 1, 1920, 1939, 1946, 2000ರ ನಾಲ್ಕು ಕಾಯ್ದೆಗಳು ರದ್ದು. 1967ರ ಪಾಸ್‌ಪೋರ್ಟ್ ಕಾಯ್ದೆ ಈ ನಾಲ್ಕರಲ್ಲಿ ಸೇರಿಲ್ಲ

ಪಾಸ್‌ಪೋರ್ಟ್: ಪಡೆಯುವ ಕ್ರಮ

• ತೊಕ್ಕೊಟ್ಟು ನಿವಾಸಿಗೆ: ಪಾಸ್‌ಪೋರ್ಟ್ ಸೇವಾ ಕೇಂದ್ರ ಮಂಗಳೂರು, ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿ ಬೆಂಗಳೂರು
• ತಲಪಾಡಿ ಆಚೆಯ ಮಂಜೇಶ್ವರ, ಕಾಸರಗೋಡು ಕನ್ನಡಿಗರಿಗೆ: ಪ್ರಾದೇಶಿಕ ಕಚೇರಿ ಕೋಯಿಕ್ಕೋಡ್
• 2018ರ ಜೂನ್‌ನಿಂದ: ದೇಶದ ಯಾವುದೇ ಕೇಂದ್ರದಲ್ಲಿ ಅರ್ಜಿಗೆ ಅವಕಾಶ, ಪೊಲೀಸ್ ಪರಿಶೀಲನೆ ಅರ್ಜಿಯಲ್ಲಿ ನಮೂದಿಸಿದ ಈಗಿನ ವಿಳಾಸದಲ್ಲಿ
• 2010: ಪಾಸ್‌ಪೋರ್ಟ್ ಸೇವಾ ಯೋಜನೆಯ ಪ್ರಾಯೋಗಿಕ ಹಂತ, ಕರ್ನಾಟಕದಲ್ಲಿ ಬೆಂಗಳೂರು, ಹುಬ್ಬಳ್ಳಿ, ಮಂಗಳೂರು
• 2017ರ ಜನವರಿ 25: ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು, ಮೈಸೂರು (ಕರ್ನಾಟಕ), ದಾಹೋದ್ (ಗುಜರಾತ್)
• ಶುಲ್ಕ: 36 ಪುಟ ₹1,500, 60 ಪುಟ ₹2,000, ತತ್ಕಾಲ್‌ಗೆ ಹೆಚ್ಚುವರಿ ₹2,000
• ಅವಧಿ: ವಯಸ್ಕರಿಗೆ 10 ವರ್ಷ
• ಮುದ್ರಣ: ಇಂಡಿಯಾ ಸೆಕ್ಯುರಿಟಿ ಪ್ರೆಸ್, ನಾಸಿಕ್ ರೋಡ್
• ಸಂಖ್ಯೆಯ ಸ್ವರೂಪ: 1 ಅಕ್ಷರ, 7 ಅಂಕಿ
• ಯಂತ್ರ ಓದುವ ಭಾಗ: 2 ಸಾಲು, ಸಾಲಿಗೆ 44 ಅಕ್ಷರಸ್ಥಾನ, ಮಾನದಂಡ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ದಾಖಲೆ 9303, ಸಂಸ್ಥೆಯ ಕೇಂದ್ರ ಮಾಂಟ್ರಿಯಲ್
• 2015ರ ನವೆಂಬರ್ 24: ಕೈಬರಹದ ಪಾಸ್‌ಪೋರ್ಟ್‌ಗಳ ಜಾಗತಿಕ ಗಡುವು
• ಇ-ಪಾಸ್‌ಪೋರ್ಟ್: ಪ್ರಾಯೋಗಿಕ ಆರಂಭ 2024ರ ಏಪ್ರಿಲ್ 1, ಹೊದಿಕೆಯಲ್ಲಿ ಚಿಪ್

ವೀಸಾ: ಪರಿಕಲ್ಪನೆ

• 1920: ಲೀಗ್ ಆಫ್ ನೇಷನ್ಸ್‌ನ ಪಾಸ್‌ಪೋರ್ಟ್ ಸಮ್ಮೇಳನ, ಪ್ಯಾರಿಸ್
• 1948: ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ, 13(2)ನೇ ವಿಧಿ, ದೇಶ ಬಿಡುವ, ಸ್ವದೇಶಕ್ಕೆ ಮರಳುವ ಹಕ್ಕು. ಬೇರೆ ದೇಶ ಪ್ರವೇಶಿಸುವ ಹಕ್ಕಿನ ಉಲ್ಲೇಖ ಇಲ್ಲ. ವೀಸಾ ಪದ್ಧತಿಯ ನೆಲೆ ಈ ಅಂತರದಲ್ಲೇ
• 1963: ಕಾನ್ಸುಲರ್ ಸಂಬಂಧಗಳ ವಿಯೆನ್ನಾ ಒಪ್ಪಂದ, 5ನೇ ವಿಧಿ, ವೀಸಾ ನೀಡಿಕೆ ಕಾನ್ಸುಲರ್ ಕಾರ್ಯ
• ಪಾಸ್‌ಪೋರ್ಟ್: ಸ್ವದೇಶ ನೀಡುವ ಗುರುತು. ವೀಸಾ: ಪರದೇಶ ನೀಡುವ ಅನುಮತಿ. ಅಂತಿಮ ಪ್ರವೇಶ ನಿರ್ಧಾರ: ಆಗಮನ ನಿಲ್ದಾಣದ ವಲಸೆ ಅಧಿಕಾರಿ

ಬಹ್ರೇನ್ ವಿಸಿಟ್ ವೀಸಾ: ಅರ್ಜಿ

• ನೀಡುವ ಪ್ರಾಧಿಕಾರ: ಬಹ್ರೇನ್ ಆಂತರಿಕ ಸಚಿವಾಲಯದ ರಾಷ್ಟ್ರೀಯತೆ, ಪಾಸ್‌ಪೋರ್ಟ್ ಮತ್ತು ನಿವಾಸ ವ್ಯವಹಾರಗಳ ವಿಭಾಗ (ಎನ್‌ಪಿಆರ್‌ಎ)
• ದಾರಿ 1: ಇ-ವೀಸಾ, ಸ್ವಯಂ ಅರ್ಜಿ, ಭಾರತೀಯರು ಅರ್ಹ
• ದಾರಿ 2: ಬಹ್ರೇನ್‌ನಲ್ಲಿರುವ ಪ್ರಾಯೋಜಕರ ಮೂಲಕ (ಕುಟುಂಬ, ಕಂಪನಿ, ಹೋಟೆಲ್)
• ವಿಧ: ಏಕ ಪ್ರವೇಶ, ಬಹು ಪ್ರವೇಶ
• ಶುಲ್ಕ: ಎರಡು ಭಾಗ, ಅರ್ಜಿ ಶುಲ್ಕ, ವೀಸಾ ಶುಲ್ಕ. ತಿರಸ್ಕಾರವಾದರೆ ಅರ್ಜಿ ಶುಲ್ಕ ವಾಪಸ್ ಇಲ್ಲ
• ದಾಖಲೆ: ಕನಿಷ್ಠ 6 ತಿಂಗಳ ಅವಧಿ ಉಳಿದ ಪಾಸ್‌ಪೋರ್ಟ್, ಮೊದಲ ಮತ್ತು ಕೊನೆಯ ಪುಟದ ಸ್ಪಷ್ಟ ಪ್ರತಿ, ಹೋಗಿ ಬರುವ ಟಿಕೆಟ್, ಬ್ಯಾಂಕ್ ಸ್ಟೇಟ್‌ಮೆಂಟ್, ಹೋಟೆಲ್ ಬುಕಿಂಗ್, ಅಥವಾ ಆತಿಥೇಯರ ಸಿಪಿಆರ್ ಕಾರ್ಡ್ ಪ್ರತಿ
• ಸಿಪಿಆರ್: ಬಹ್ರೇನ್ ನಿವಾಸಿಗಳ ವೈಯಕ್ತಿಕ ಗುರುತಿನ ಕಾರ್ಡ್
• ಹೆಸರು: ಪಾಸ್‌ಪೋರ್ಟ್, ಅರ್ಜಿ, ಟಿಕೆಟ್ ಮೂರರಲ್ಲೂ ಒಂದೇ ಕಾಗುಣಿತ. ತಂದೆಯ ಅಥವಾ ಊರಿನ ಹೆಸರನ್ನು ಇನಿಷಿಯಲ್ ಆಗಿ ಬರೆಯುವ ಕರಾವಳಿ ರೂಢಿಯಲ್ಲಿ ತೊಡಕು ಹುಟ್ಟುವ ಜಾಗ
• ಹೋಲಿಕೆಗೆ: ಯುಎಇ, 2022ರ ನವೆಂಬರ್ 21; ಒಂಟಿ ಹೆಸರಿನ ಪಾಸ್‌ಪೋರ್ಟ್‌ಗೆ ವಿಸಿಟ್ ವೀಸಾ ಪ್ರವೇಶ ನಿರ್ಬಂಧ
• ಓಕೆ ಟು ಬೋರ್ಡ್: ವೀಸಾ ಪರಿಶೀಲಿಸಿ ವಿಮಾನ ಸಂಸ್ಥೆ ಟಿಕೆಟ್‌ಗೆ ಸೇರಿಸುವ ಒಪ್ಪಿಗೆ, ಟ್ರಾವೆಲ್ಸ್ ಅಂಗಡಿಗಳ ನಿತ್ಯದ ಪದ, ಯಾವ ಕಾಯ್ದೆಯ ಪದವೂ ಅಲ್ಲ
• ಗಲ್ಫ್ ಏಕೀಕೃತ ಪ್ರವಾಸಿ ವೀಸಾ: ಗಲ್ಫ್ ಸಹಕಾರ ಮಂಡಳಿಯ ಆಂತರಿಕ ಸಚಿವರ ಅನುಮೋದನೆ, ಮಸ್ಕತ್, 2023ರ ನವೆಂಬರ್

ವಿಸಿಟ್ ವೀಸಾ ಬೇರೆ, ಉದ್ಯೋಗ ವೀಸಾ ಬೇರೆ

ಮಾರ್ಗದರ್ಶಿ ಪುಸ್ತಕಗಳಲ್ಲಿ ಎರಡು ಸಾಲಿಗೆ ಮುಗಿಯುವ ಭಾಗ. ಉಳ್ಳಾಲ, ತೊಕ್ಕೊಟ್ಟು, ದೇರಳಕಟ್ಟೆಯ ಮನೆಗಳಿಗೆ ಅತ್ಯಂತ ಮುಖ್ಯ ಭಾಗ. ಪ್ರತಿ ಅಂಶವೂ ಕಂಠಪಾಠಕ್ಕೆ.

• ವಲಸೆ ಕಾಯ್ದೆ, 1983: ಜಾರಿ 1983ರ ಡಿಸೆಂಬರ್ 30; ಹಿಂದಿನ ಕಾಯ್ದೆ 1922
• ಸೆಕ್ಷನ್ 3: ಪ್ರೊಟೆಕ್ಟರ್ ಜನರಲ್ ಆಫ್ ಎಮಿಗ್ರಂಟ್ಸ್, ಸೆಕ್ಷನ್ 10: ನೇಮಕಾತಿ ಏಜೆಂಟರ ಕಡ್ಡಾಯ ನೋಂದಣಿ, ಸೆಕ್ಷನ್ 22: ವಲಸೆ ಅನುಮತಿ, ಸೆಕ್ಷನ್ 24: ದಂಡನೆ
• ಇಸಿಆರ್: ವಲಸೆ ಅನುಮತಿ ಅಗತ್ಯವಿರುವ ಪಾಸ್‌ಪೋರ್ಟ್, ಮುಖ್ಯವಾಗಿ 10ನೇ ತರಗತಿ ತೇರ್ಗಡೆಯಾಗದವರು
• ಅನುಮತಿ ಬೇಡದ ವರ್ಗಗಳಲ್ಲಿ ಪ್ರಮುಖ: 10ನೇ ತರಗತಿ ಮತ್ತು ಮೇಲ್ಪಟ್ಟ ವಿದ್ಯಾರ್ಹತೆ, 18 ವರ್ಷದೊಳಗಿನವರು, 50 ವರ್ಷ ಮೀರಿದವರು, ಆದಾಯ ತೆರಿಗೆ ಪಾವತಿದಾರರು, 3 ವರ್ಷಕ್ಕೂ ಹೆಚ್ಚು ವಿದೇಶವಾಸ
• ಇಸಿಆರ್ ದೇಶಗಳು (ಉದ್ಯೋಗಕ್ಕೆ ಹೋಗಲು ಈ ಅನುಮತಿ ಬೇಕಾದವು): 18, ಅವುಗಳಲ್ಲಿ ದ್ವೀಪರಾಷ್ಟ್ರಗಳು ಬಹ್ರೇನ್ ಮತ್ತು ಇಂಡೊನೇಷ್ಯಾ
• ಇಸಿಆರ್ ಪಾಸ್‌ಪೋರ್ಟ್‌ನಲ್ಲಿ ಉದ್ಯೋಗೇತರ ಪ್ರಯಾಣ: ವಲಸೆ ಅನುಮತಿ ಬೇಡ, ಮರಳುವ ಟಿಕೆಟ್, ಸಿಂಧು ವೀಸಾ ಬೇಕು
• ಇಸಿಆರ್ ಪಾಸ್‌ಪೋರ್ಟ್‌ನ ಮಹಿಳೆಯರ ಉದ್ಯೋಗ ವಲಸೆ: ಕನಿಷ್ಠ ವಯಸ್ಸು 30
• ನರ್ಸ್‌ಗಳು: 2015ರಿಂದ, ಇಸಿಆರ್ ದೇಶಗಳ ಕೆಲಸಕ್ಕೆ ಪಾಸ್‌ಪೋರ್ಟ್ ಯಾವುದೇ ಇದ್ದರೂ ವಲಸೆ ಅನುಮತಿ ಕಡ್ಡಾಯ, ನೇಮಕಾತಿ ಅಧಿಕೃತ ಸರ್ಕಾರಿ ಸಂಸ್ಥೆಗಳ ಮೂಲಕ (ಉದಾ: ಕೇರಳದ ನೋರ್ಕಾ ರೂಟ್ಸ್, ಒಡೆಪೆಕ್). ದೇರಳಕಟ್ಟೆಯ ನರ್ಸಿಂಗ್ ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ತಿಳಿಯಬೇಕಾದ ನಿಯಮ
• ಇ-ಮೈಗ್ರೇಟ್: ವಿದೇಶಾಂಗ ಸಚಿವಾಲಯದ ಆನ್‌ಲೈನ್ ವ್ಯವಸ್ಥೆ, ನೋಂದಾಯಿತ ಏಜೆಂಟರ ಪಟ್ಟಿ ಸಾರ್ವಜನಿಕ
• ನೋಂದಾಯಿತ ಏಜೆಂಟರ ಗರಿಷ್ಠ ಸೇವಾ ಶುಲ್ಕ: ₹30,000 ಮತ್ತು ಜಿಎಸ್‌ಟಿ. ಅದಕ್ಕಿಂತ ಹೆಚ್ಚು ಕೇಳುವುದು ಕಾನೂನುಬಾಹಿರ. ಲಕ್ಷಗಟ್ಟಲೆ ಸಾಲ ಮಾಡುವ ಮುನ್ನ ನೆನಪಿಡಬೇಕಾದ ಅಂಕಿ
• ಟ್ರಾವೆಲ್ ಏಜೆನ್ಸಿ: ಟಿಕೆಟ್, ವಿಸಿಟ್ ವೀಸಾ ಸೇವೆ, ಸೆಕ್ಷನ್ 10ರ ನೋಂದಣಿ ಇಲ್ಲದೆ ನೇಮಕಾತಿಗೆ ಅಧಿಕಾರ ಇಲ್ಲ
• ‘ಫ್ರೀ ವೀಸಾ’: ಆಡುಮಾತಿನ ಪದ; ಹೆಸರಿಗೆ ಒಬ್ಬ ಪ್ರಾಯೋಜಕ, ಕೆಲಸ ಬೇರೆಡೆ; ಕಾನೂನಿನ ಮಾನ್ಯತೆ ಇಲ್ಲದ ಏರ್ಪಾಡು
• ಬಹ್ರೇನ್ ಕಾರ್ಮಿಕ ಮಾರುಕಟ್ಟೆ ನಿಯಂತ್ರಣ ಪ್ರಾಧಿಕಾರ (ಎಲ್‌ಎಂಆರ್‌ಎ): 2006ರ ಕಾನೂನು ಸಂಖ್ಯೆ 19, ಕೆಲಸದ ಪರವಾನಗಿ ನೀಡಿಕೆ
• ಫ್ಲೆಕ್ಸಿ ಪರವಾನಗಿ: ಆರಂಭ 2017, ಸ್ಥಗಿತ 2022
• ವೈದ್ಯಕೀಯ ತಪಾಸಣೆ: ಗಲ್ಫ್ ಮಂಡಳಿ ಮಾನ್ಯತೆಯ ಕೇಂದ್ರಗಳು, ಹಳೆಯ ಹೆಸರು ಗಾಮ್ಕಾ, ಈಗ ವಾಫಿದ್, ಮಂಗಳೂರಿನಲ್ಲೂ ಕೇಂದ್ರಗಳು
• ಅಪೊಸ್ಟೀಲ್: ಹೇಗ್ ಒಪ್ಪಂದ 1961; ಭಾರತಕ್ಕೆ ಜಾರಿ 2005ರ ಜುಲೈ 14, ಬಹ್ರೇನ್‌ಗೆ 2013ರ ಡಿಸೆಂಬರ್ 31
• ಪ್ರವಾಸಿ ಭಾರತೀಯ ಬಿಮಾ ಯೋಜನೆ: 2003, ವಿಮಾ ಮೊತ್ತ ₹10 ಲಕ್ಷ, ಕಂತು 2 ವರ್ಷಕ್ಕೆ ₹275, 3 ವರ್ಷಕ್ಕೆ ₹375. ವಿಸಿಟ್ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರಿದವರು ಈ ರಕ್ಷಣೆಯಿಂದಲೂ ಹೊರಗೆ
• ಭಾರತೀಯ ಸಮುದಾಯ ಕಲ್ಯಾಣ ನಿಧಿ: 2009; ಸಂಕಷ್ಟದಲ್ಲಿರುವವರಿಗೆ ವಸತಿ, ಮರಳುವ ಟಿಕೆಟ್, ಪಾರ್ಥಿವ ಶರೀರ ಸಾಗಣೆ
• ಮದದ್ ಪೋರ್ಟಲ್: 2015, ಕಾನ್ಸುಲರ್ ದೂರುಗಳು

ಮಂಗಳೂರು ವಿಮಾನ ನಿಲ್ದಾಣ

• ಉದ್ಘಾಟನೆ: 1951ರ ಡಿಸೆಂಬರ್ 25, ಜವಾಹರಲಾಲ್ ನೆಹರು, ಸಂಕೇತ ಐಎಕ್ಸ್‌ಇ
• ಮೊದಲ ಅಂತರರಾಷ್ಟ್ರೀಯ ಹಾರಾಟ: 2006, ದುಬೈ, ಏರ್ ಇಂಡಿಯಾ ಎಕ್ಸ್‌ಪ್ರೆಸ್; ಮುಂದೆ ಬಹ್ರೇನ್ ಸೇರಿ ಗಲ್ಫ್‌ನ ಹಲವು ನಗರಗಳಿಗೆ ಇದೇ ಸಂಸ್ಥೆಯ ನೇರ ಹಾರಾಟ
• ಅಂತರರಾಷ್ಟ್ರೀಯ ನಿಲ್ದಾಣದ ಸ್ಥಾನಮಾನ: 2012ರ ಅಕ್ಟೋಬರ್ 3
• ಟೇಬಲ್‌ಟಾಪ್ ರನ್‌ವೇ, 2,450 ಮೀ.
• 2010ರ ಮೇ 22: ದುಬೈ–ಮಂಗಳೂರು ವಿಮಾನ 812 ದುರಂತ, ಸಾವು 158, ಬದುಕುಳಿದವರು 8
• ನಿರ್ವಹಣೆ ಅದಾನಿ ಸಮೂಹಕ್ಕೆ: 2020ರ ಅಕ್ಟೋಬರ್ 31
• ಭಾರತದ ಇ-ವೀಸಾ (ಆರಂಭ 2014ರ ನವೆಂಬರ್ 27, 43 ದೇಶ): ಮಂಗಳೂರಿನ ವಿಮಾನ ನಿಲ್ದಾಣ ಮತ್ತು ಬಂದರು ಎರಡೂ ಅಧಿಕೃತ ಪ್ರವೇಶ ದ್ವಾರ

ಇತರ ದ್ವೀಪರಾಷ್ಟ್ರಗಳು: ಭಾರತೀಯರಿಗೆ

• ಮಾಲ್ಡೀವ್ಸ್: ಆಗಮನದಲ್ಲಿ ಉಚಿತ ವೀಸಾ; ಭಾರತದೊಂದಿಗೆ ವೀಸಾ ಸೌಲಭ್ಯ ಒಪ್ಪಂದ ಜಾರಿ 2019ರ ಮಾರ್ಚ್ 11, 90 ದಿನ; ಪ್ರಯಾಣ ಘೋಷಣೆ ‘ಇಮುಗಾ’, 96 ಗಂಟೆಯೊಳಗೆ
• ಮಾರಿಷಸ್: ಆಗಮನದಲ್ಲಿ ಉಚಿತ ಪ್ರವಾಸಿ ವೀಸಾ, 60 ದಿನ
• ಶ್ರೀಲಂಕಾ: ವಿದ್ಯುನ್ಮಾನ ಪ್ರಯಾಣ ಅನುಮತಿ (ಇಟಿಎ), 2012ರ ಜನವರಿ 1ರಿಂದ
• ಸಿಂಗಪುರ: ಮುಂಗಡ ವೀಸಾ, ಅಧಿಕೃತ ಏಜೆಂಟರ ಮೂಲಕ, ನಮೂನೆ 14ಎ, ಆಗಮನ ಕಾರ್ಡ್ 3 ದಿನದೊಳಗೆ
• ಸೇಶೆಲ್ಸ್: ವೀಸಾ ಇಲ್ಲ, ಪ್ರಯಾಣ ಅನುಮತಿ ಇದೆ

ಲಕ್ಷದ್ವೀಪ: ಸ್ವದೇಶದಲ್ಲೇ ಪರವಾನಗಿ

• ಪ್ರವೇಶ ಮತ್ತು ವಾಸ ನಿರ್ಬಂಧ ನಿಯಮಗಳು: 1967, ಭಾರತೀಯ ಪ್ರವಾಸಿಗೂ ಪರ್ಮಿಟ್ ಅಗತ್ಯ, ಪಾಸ್‌ಪೋರ್ಟ್ ಅನಗತ್ಯ
• ದ್ವೀಪ 36, ಜನವಸತಿ 10. ವಿಸ್ತೀರ್ಣ 32 ಚ.ಕಿ.ಮೀ.; ಅತಿ ಚಿಕ್ಕ ಕೇಂದ್ರಾಡಳಿತ ಪ್ರದೇಶ
• ಅಮಿನಿದಿವಿ ದ್ವೀಪಗಳು (ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ): 1787ರಲ್ಲಿ ಟಿಪ್ಪು ಸುಲ್ತಾನ್ ಆಡಳಿತಕ್ಕೆ, 1799ರ ನಂತರ ಬ್ರಿಟಿಷರಿಗೆ, 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗ
• ಕೇಂದ್ರಾಡಳಿತ: 1956ರ ನವೆಂಬರ್ 1, ‘ಲಕ್ಷದ್ವೀಪ’ ಹೆಸರು: 1973ರ ನವೆಂಬರ್ 1
• ಸರಕು ಸಾಗಣೆ: ಮಂಗಳೂರು ಹಳೆ ಬಂದರಿನ ಮಂಜಿಗಳು (ಸರಕು ದೋಣಿಗಳು)
• 8 ಡಿಗ್ರಿ ಚಾನೆಲ್: ಮಿನಿಕಾಯ್–ಮಾಲ್ಡೀವ್ಸ್ ನಡುವೆ, 9 ಡಿಗ್ರಿ ಚಾನೆಲ್: ಮಿನಿಕಾಯ್ ಮತ್ತು ಉಳಿದ ಲಕ್ಷದ್ವೀಪದ ನಡುವೆ
• ಭಾರತ–ಮಾಲ್ಡೀವ್ಸ್ ಕಡಲ ಗಡಿ ಒಪ್ಪಂದ: 1976

ಗೊಂದಲದ ಜೋಡಿಗಳು

• ಆಗಸ್ಟ್ 15: ಬಹ್ರೇನ್ ಸ್ವಾತಂತ್ರ್ಯದ ದಿನ. ಡಿಸೆಂಬರ್ 16: ಆಚರಣೆಯ ದಿನ
• ಧ್ವಜದ ಬಿಳಿ ಮೊನೆಗಳು: ಬಹ್ರೇನ್ 5, ಕತಾರ್ 9
• 19(1)(ಡಿ): ದೇಶದೊಳಗಿನ ಸಂಚಾರ. 21: ವಿದೇಶ ಪ್ರಯಾಣ
• ವಿಯೆನ್ನಾ 1961: ರಾಜತಾಂತ್ರಿಕ ಸಂಬಂಧ. ವಿಯೆನ್ನಾ 1963: ಕಾನ್ಸುಲರ್ ಸಂಬಂಧ
• ಪಾಸ್‌ಪೋರ್ಟ್ ಕಾಯ್ದೆ 1967. ಲಕ್ಷದ್ವೀಪ ಪ್ರವೇಶ ನಿಯಮ 1967
• ಪಾಸ್‌ಪೋರ್ಟ್ ಸೇವಾ ದಿನ: ಜೂನ್ 24. ಪ್ರವಾಸಿ ಭಾರತೀಯ ದಿನ: ಜನವರಿ 9 (ಗಾಂಧೀಜಿ ಮರಳಿದ ದಿನ, 1915, ಬೆಂಗಳೂರಿನ ಸಮಾವೇಶ 2017)
• ಸೆಕ್ಷನ್ 10, ಪಾಸ್‌ಪೋರ್ಟ್ ಕಾಯ್ದೆ: ವಶ. ಸೆಕ್ಷನ್ 10, ವಲಸೆ ಕಾಯ್ದೆ: ಏಜೆಂಟರ ನೋಂದಣಿ